ಟ್ರಂಕಿನಲ್ಲಿರುವ ಕಾರ್ಡ್ ಜೀವ ಉಳಿಸುವುದಿಲ್ಲ

ನಮ್ಮ ಮೊಹಲ್ಲಾದಲ್ಲಿ ಒಬ್ಬರು ಆಟೋ ಓಡಿಸುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು. ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮನೆಗೆ ಬಂದಾಗ ಎದೆ ಬಿಗಿಯಾಯಿತು, ಮೈಯೆಲ್ಲ ಬೆವರಿತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಿದರು. ಬೆಳಗಿನ ಜಾವ ನೋವು ತಡೆಯಲಾರದಾದಾಗ ಮನೆಯವರು ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಸ್ಟೆಂಟ್ ಹಾಕಬೇಕು, ಮೊದಲು ಮುಂಗಡ ಕಟ್ಟಿ ಎಂದರು. ಭಾಭಿಯ ಬಳೆ, ಮಗಳ ನಿಕಾಹ್‌ಗೆಂದು ಕೂಡಿಟ್ಟಿದ್ದ ಚೀಟಿ ಹಣ, ಸಂಬಂಧಿಕರಿಂದ ತಂದ ಸಾಲ, ಎಲ್ಲವೂ ಎರಡೇ ದಿನದಲ್ಲಿ ಮುಗಿಯಿತು. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಆದರೆ ಆಟೋ ಮಾರಬೇಕಾಯಿತು.

ತಿಂಗಳ ನಂತರ ನೋಡಲು ಹೋಗಿದ್ದೆ. ಔಷಧದ ಚೀಟಿ ಹುಡುಕಲು ಭಾಭಿ ಟ್ರಂಕ್ ತೆರೆದರು. ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ಒಂದು ಕಾರ್ಡ್ ಕಂಡಿತು. ಅದು ಸರಕಾರದ ಆರೋಗ್ಯ ಕಾರ್ಡ್. "ಆಪಾ, ಇದು ಇಂಥದ್ದಕ್ಕೂ ನಡೆಯುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ" ಎಂದರು. ಅವರು ಹೋಗಿದ್ದ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿದ್ದ ಆಸ್ಪತ್ರೆ ಅದೇ ಊರಿನಲ್ಲಿ, ಕೆಲವೇ ಕಿಲೋಮೀಟರ್ ದೂರದಲ್ಲಿತ್ತು.

ಪ್ರಿಯ ಓದುಗರೇ, ಈ ಮಾತು ನಿಮ್ಮ ಮನೆಗೂ ಸಂಬಂಧಿಸಿದ್ದು. ನಿಮ್ಮ ಟ್ರಂಕಿನಲ್ಲೂ ಅಂಥ ಕಾರ್ಡ್ ಇರಬಹುದು. ಅಥವಾ ಇನ್ನೂ ಮಾಡಿಸದೇ ಇರಬಹುದು. ಆರೋಗ್ಯ ವಿಮೆ ನಿಜಕ್ಕೂ ಜೀವ ಉಳಿಸುತ್ತದೆಯೇ, ಅಥವಾ ಅದು ಚುನಾವಣೆಯ ಕಾಲದ ಘೋಷಣೆ ಮಾತ್ರವೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಕರ್ನಾಟಕದಲ್ಲೇ ಎರಡು ದೊಡ್ಡ ಸಂಶೋಧನೆಗಳು ನಡೆದಿವೆ. ಒಂದು ಹೌದು ಎನ್ನುತ್ತದೆ, ಇನ್ನೊಂದು ಬೇರೆಯದೇ ಉತ್ತರ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ನಾವು ಏನು ಮಾಡಬೇಕೆಂದು ತಿಳಿಯುತ್ತದೆ.

ಮೊದಲ ಉತ್ತರ

2010ರಲ್ಲಿ ಕರ್ನಾಟಕ ಸರಕಾರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ 'ವಾಜಪೇಯಿ ಆರೋಗ್ಯಶ್ರೀ' ಎಂಬ ಯೋಜನೆ ಆರಂಭಿಸಿತು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ ಮತ್ತು ನರರೋಗ, ಸುಟ್ಟಗಾಯದಂಥ ದುಬಾರಿ ಚಿಕಿತ್ಸೆಗಳು ಅದರಲ್ಲಿದ್ದವು. ಮೊದಲು ಅದು ರಾಜ್ಯದ ಉತ್ತರ ಭಾಗದಲ್ಲಿ ಜಾರಿಯಾಯಿತು, ದಕ್ಷಿಣ ಭಾಗಕ್ಕೆ ಬರಲು ಕೆಲವು ವರ್ಷ ಹಿಡಿಯಿತು. ಹೀಗಾಗಿ ಕೆಲಕಾಲ ಗಡಿಯ ಒಂದು ಬದಿಯ ಹಳ್ಳಿಗಳಿಗೆ ಯೋಜನೆ ಇತ್ತು, ಇನ್ನೊಂದು ಬದಿಯವಕ್ಕೆ ಇರಲಿಲ್ಲ. ಎರಡೂ ಬದಿಯ ಜನರ ಬದುಕು ಹೆಚ್ಚುಕಡಿಮೆ ಒಂದೇ ತೆರನಾಗಿತ್ತು.

ಸಂಶೋಧಕರು ಇದನ್ನೇ ಬಳಸಿಕೊಂಡರು. ಯೋಜನೆ ಇದ್ದ 300 ಹಳ್ಳಿಗಳನ್ನು ಇಲ್ಲದ 272 ಹಳ್ಳಿಗಳ ಜೊತೆ ಹೋಲಿಸಿದರು. ಒಟ್ಟು 60 ಸಾವಿರದಷ್ಟು ಕುಟುಂಬಗಳ ಮಾಹಿತಿ ಸಂಗ್ರಹಿಸಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ ಉಂಟಾದ ಸಾವಿನ ಪ್ರಮಾಣ ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 0.32. ಯೋಜನೆ ಇಲ್ಲದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 0.90. ಯೋಜನೆಗೆ ಒಳಪಡದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಎರಡೂ ಬದಿ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಆಸ್ಪತ್ರೆಗೆ ಕೈಯಿಂದ ಕಟ್ಟುವ ಹಣವೂ ಯೋಜನೆ ಇದ್ದಲ್ಲಿ ಕಡಿಮೆಯಾಗಿತ್ತು.

ಈ ಅಂಕಿಗಳು ಸಣ್ಣದಾಗಿ ಕಾಣಬಹುದು. ಆದರೆ ಅವುಗಳ ಹಿಂದೆ ಇರುವುದು ತಂದೆತಾಯಿಗಳು, ದುಡಿಯುವ ಕೈಗಳು.

ಎರಡನೆಯ ಉತ್ತರ

ಅದೇ ದಶಕದಲ್ಲಿ ಗುಲ್ಬರ್ಗಾ ಮತ್ತು ಮೈಸೂರು ಜಿಲ್ಲೆಗಳಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಅದು ಕೇಂದ್ರ ಸರಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಗೆ ಸಂಬಂಧಿಸಿದ್ದು. 2008ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 30 ಸಾವಿರ ರೂಪಾಯಿಯವರೆಗಿನ ಆಸ್ಪತ್ರೆ ವೆಚ್ಚ ಸಿಗುತ್ತಿತ್ತು, ಅದಕ್ಕೊಂದು ಸ್ಮಾರ್ಟ್ ಕಾರ್ಡ್ ಇತ್ತು. ಸಂಶೋಧಕರು ಬಡತನ ರೇಖೆಗಿಂತ ಮೇಲಿದ್ದ ಸುಮಾರು 11 ಸಾವಿರ ಕುಟುಂಬಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿದರು. ಕೆಲವರಿಗೆ ವಿಮೆಯನ್ನು ಉಚಿತವಾಗಿ ಕೊಟ್ಟರು, ಕೆಲವರಿಗೆ ಹಣ ಕೊಟ್ಟು ಪಡೆಯುವ ಅವಕಾಶ ನೀಡಿದರು, ಕೆಲವರಿಗೆ ಕೊಡಲಿಲ್ಲ.

ಜನರು ವಿಮೆಯನ್ನು ಬೇಡವೆನ್ನಲಿಲ್ಲ. ಉಚಿತವಾಗಿ ಸಿಕ್ಕವರಲ್ಲಿ ಸುಮಾರು ಶೇ. 79 ಮಂದಿ ಪಡೆದರು. ಹಣ ಕೊಡಬೇಕಾದವರಲ್ಲೂ ಸುಮಾರು ಶೇ. 60 ಮಂದಿ ಪಡೆದರು. ಆದರೆ ಕೊನೆಯಲ್ಲಿ ಆರೋಗ್ಯದ ಹಲವು ಅಳತೆಗಳನ್ನು ನೋಡಿದಾಗ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಕಾರ್ಡ್ ಪಡೆದವರಲ್ಲಿ ಬಹಳ ಮಂದಿಗೆ ಅದನ್ನು ಬಳಸಲು ಸಾಧ್ಯವೇ ಆಗಿರಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ನೀವು ಮರೆಯಬಾರದು. ಊರಿನಲ್ಲಿ ಹೆಚ್ಚು ಮನೆಗಳಿಗೆ ವಿಮೆ ಸಿಕ್ಕಾಗ ಅದರ ಬಳಕೆಯೂ ಹೆಚ್ಚಿತು. ಜನರು ನೆರೆಹೊರೆಯವರನ್ನು ನೋಡಿ ಕಲಿಯುತ್ತಾರೆ ಎಂಬುದರ ಸೂಚನೆ ಇದು.

ಎರಡಕ್ಕೂ ಇರುವ ಅಂತರ

ಒಂದೇ ರಾಜ್ಯ, ಒಂದೇ ಕಾಲ. ಆದರೂ ಫಲಿತಾಂಶ ಏಕೆ ಬೇರೆ? ನನಗೆ ತೋರುವ ಕಾರಣಗಳು ಇವು.

ಆರೋಗ್ಯಶ್ರೀ ಮನುಷ್ಯನನ್ನು ಕೊಲ್ಲುವ ದೊಡ್ಡ ಕಾಯಿಲೆಗಳ ಮೇಲೆ ಕೈಯಿಟ್ಟಿತ್ತು. ಅದಕ್ಕೆ ಬೇರೆ ಕಾರ್ಡ್ ಮಾಡಿಸಬೇಕಿರಲಿಲ್ಲ, ಬಿಪಿಎಲ್ ಪಡಿತರ ಚೀಟಿಯೇ ಸಾಕಾಗಿತ್ತು. ಆಸ್ಪತ್ರೆಯ ವೈದ್ಯರು ಹಳ್ಳಿಗಳಿಗೆ ಬಂದು ಶಿಬಿರ ನಡೆಸಿ, ಕಾಯಿಲೆ ಇದ್ದವರನ್ನು ಗುರುತಿಸಿ ಕರೆದೊಯ್ಯುತ್ತಿದ್ದರು. ದಾರಿ ತೋರಿಸಲು ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ'ರು ಇರುತ್ತಿದ್ದರು. ಅಲ್ಲಿ ಯೋಜನೆಯೇ ಬಡವರ ಬಾಗಿಲಿಗೆ ಬಂದಿತ್ತು. ಇನ್ನೊಂದರಲ್ಲಿ ಮೊತ್ತ ಚಿಕ್ಕದು. ಕಾರ್ಡ್ ಕೈಗೆ ಬಂದ ಮೇಲೆ ಉಳಿದದ್ದನ್ನೆಲ್ಲ ಜನರೇ ಕಂಡುಕೊಳ್ಳಬೇಕಿತ್ತು.

ಇಂಥದೇ ಪಾಠ ಅಮೆರಿಕದಿಂದಲೂ ಬಂದಿದೆ. ಅಲ್ಲಿಯ ಒರೆಗಾನ್ ರಾಜ್ಯವು 2008ರಲ್ಲಿ ಬಡವರ ಸರಕಾರಿ ವಿಮೆಗೆ ಲಾಟರಿ ಎತ್ತಿತು. ಹೆಸರು ಕೊಟ್ಟವರು ಸುಮಾರು 90 ಸಾವಿರ ಮಂದಿ, ಆಯ್ಕೆಯಾದವರು ಸುಮಾರು 30 ಸಾವಿರ. ಎರಡು ವರ್ಷದ ಬಳಿಕ ನೋಡಿದಾಗ ವಿಮೆ ಸಿಕ್ಕವರಲ್ಲಿ ಆಸ್ಪತ್ರೆ ಖರ್ಚಿನಿಂದ ಮನೆ ಮುಳುಗುವ ಸ್ಥಿತಿ ಬಹುಪಾಲು ಇಲ್ಲವಾಗಿತ್ತು, ಖಿನ್ನತೆ ಕಡಿಮೆಯಾಗಿತ್ತು. ಆದರೆ ರಕ್ತದೊತ್ತಡ ಮತ್ತು ಕೊಲೆಸ್ಟ್ರಾಲ್‌ನಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ.

ನೋಡಿ, ವಿಮೆ ಸಾಲದ ಭಾರವನ್ನು ಇಳಿಸುತ್ತದೆ. ಬಿಪಿಯನ್ನು ಅದು ತಾನಾಗಿ ಇಳಿಸುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು, ಪ್ರತಿದಿನದ ಮಾತ್ರೆ ಬೇಕು, ಉಪ್ಪು ಮತ್ತು ಎಣ್ಣೆಯಲ್ಲಿ ಹಿಡಿತ ಬೇಕು.

ಈಗ ನಮಗೆ ಇರುವುದೇನು?

2018ರ ಮಾರ್ಚ್‌ನಲ್ಲಿ ಸರಕಾರ ಹಳೆಯ ಹಲವು ಯೋಜನೆಗಳನ್ನು ಸೇರಿಸಿ 'ಆರೋಗ್ಯ ಕರ್ನಾಟಕ' ಆರಂಭಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಜೋಡಿಸಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಸರಕಾರ ನಿಗದಿಪಡಿಸಿದ ದರದ ಶೇ. 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. "ನಮ್ಮದು ಎಪಿಎಲ್, ನಮಗೇನೂ ಇಲ್ಲ" ಎಂದು ಸುಮ್ಮನಿರುವವರು ಇದನ್ನು ಗಮನಿಸಬೇಕು.

ಸಾಮಾನ್ಯ ಸಂದರ್ಭದಲ್ಲಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆಗೆ ಸೌಲಭ್ಯ ಇಲ್ಲದಿದ್ದರೆ ಶಿಫಾರಸು ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳ ಪಟ್ಟಿ ಬೇರೆಯೇ ಇದೆ. ಅವುಗಳಿಗೆ ಶಿಫಾರಸು ಪತ್ರ ಬೇಕಿಲ್ಲ, ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ನಮ್ಮ ಆಟೋ ಭಾಯಿಗೆ ತಿಳಿಯದೆ ಹೋದದ್ದು ಇಷ್ಟೇ.

ಹೃದಯಾಘಾತದ ವಿಷಯದಲ್ಲಿ ಇನ್ನೊಂದು ಮಾತು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಡಿ ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಎದೆನೋವು ಬಂದಾಗ ಸೋಡಾ ಕುಡಿದು ಮಲಗಿದ ಒಂದು ರಾತ್ರಿಗೆ ಬೆಲೆ ಎಷ್ಟೆಂದು ಯೋಚಿಸಿ.

ವಿಮೆ ಹಲಾಲೇ ಎಂಬ ಪ್ರಶ್ನೆ

ಮನೆ ಮನೆಗೆ ಹೋದಾಗ ಹೆಂಗಸರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ನಾನು ಮುಫ್ತಿಯಲ್ಲ, ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಆದರೆ ವಿಷಯವನ್ನು ಸರಿಯಾಗಿ ತಿಳಿದುಕೊಂಡು ಉಲಮಾಗಳನ್ನು ಕೇಳುವುದು ನಮ್ಮ ಕರ್ತವ್ಯ.

1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ನಿಗದಿತ ಕಂತು ಕಟ್ಟುವ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ, ಪರಸ್ಪರ ನೆರವಿನ ಸಹಕಾರಿ ವಿಮೆಯನ್ನು ಅದಕ್ಕೆ ಬದಲಿಯೆಂದೂ ನಿರ್ಣಯಿಸಿತು. ಈಗ ನಮ್ಮ ರಾಜ್ಯದ ಯೋಜನೆಯನ್ನು ನೋಡಿ. ಇದರಲ್ಲಿ ಕುಟುಂಬವು ಕಂತು ಕಟ್ಟುವುದಿಲ್ಲ. ಸರಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ತೆರಿಗೆ ಹಣದಿಂದ ಆಸ್ಪತ್ರೆಗೆ ನೇರವಾಗಿ ಪಾವತಿಸುತ್ತದೆ, ನಡುವೆ ವಿಮಾ ಕಂಪೆನಿ ಇಲ್ಲ. ಆ ತೆರಿಗೆಯಲ್ಲಿ ನೀವು ಕೊಂಡ ಬೆಂಕಿಪೊಟ್ಟಣದ ಪಾಲೂ ಇದೆ. 'ವಿಮೆ' ಎಂಬ ಹೆಸರು ಕೇಳಿದ ಮಾತ್ರಕ್ಕೆ ಇದನ್ನು ಖಾಸಗಿ ಪಾಲಿಸಿಯ ಸಾಲಿನಲ್ಲಿ ಇಟ್ಟು ದೂರ ಸರಿಯುವುದು ಸರಿಯೇ? ಖಾಸಗಿ ಪಾಲಿಸಿಯ ಬಗ್ಗೆ ನಿಮಗೆ ಸಂದೇಹ ಇದ್ದರೆ ಅದನ್ನು ಬೇರೆ ಪ್ರಶ್ನೆಯಾಗಿ ನಿಮ್ಮ ಉಸ್ತಾದರನ್ನು ಕೇಳಿ. ಎರಡನ್ನೂ ಬೆರೆಸಬೇಡಿ.

"ಅಲ್ಲಾಹನ ಮೇಲೆ ಭರವಸೆ ಇದ್ದರೆ ಸಾಕು" ಎನ್ನುವವರೂ ಇದ್ದಾರೆ. ಒಂಟೆಯನ್ನು ಕಟ್ಟಿದ ಮೇಲಿನ ಭರವಸೆಯೇ ತವಕ್ಕುಲ್ ಎಂದು ನಾವು ಮದ್ರಸಾದಲ್ಲೇ ಕಲಿತಿದ್ದೇವೆ.

ಮನೆಯ ಹೆಣ್ಣುಮಕ್ಕಳ ಪಾಲು

ಇನ್ನೊಂದು ಸಂಶೋಧನೆ ನನ್ನ ಮನಸ್ಸನ್ನು ಬಹಳ ಕಾಡಿತು. ರಾಜಸ್ಥಾನದಲ್ಲಿ 2015ರಲ್ಲಿ ಆರಂಭವಾದ ಸರಕಾರಿ ವಿಮೆಯ ಲಕ್ಷಾಂತರ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದಾಗ, ಚಿಕಿತ್ಸೆ ಪಡೆದವರಲ್ಲಿ ಹೆಣ್ಣುಮಕ್ಕಳು ಅರ್ಧಕ್ಕಿಂತ ಕಡಿಮೆ ಇದ್ದರು. ಈ ಅಂತರ ಪುಟ್ಟ ಮಕ್ಕಳಲ್ಲೂ ಇತ್ತು, ವೃದ್ಧರಲ್ಲೂ ಇತ್ತು. ಚಿಕಿತ್ಸೆ ಹೆಸರಿಗೆ ಉಚಿತ. ಆದರೆ ಪ್ರಯಾಣದ ಖರ್ಚು, ಮೇಲಿನ ಖರ್ಚು ಇದ್ದೇ ಇರುತ್ತದೆ. ಆ ಖರ್ಚನ್ನು ಮಗನಿಗಾಗಿ ಮಾಡುವ ಮನೆ ಮಗಳಿಗಾಗಿ ಮಾಡಲು ಹಿಂಜರಿಯುತ್ತದೆ.

ನಮ್ಮ ಮನೆಗಳಲ್ಲಿ ಹೀಗಿಲ್ಲ ಎಂದು ಹೇಳುವ ಮೊದಲು ಒಮ್ಮೆ ನೆನಪಿಸಿಕೊಳ್ಳಿ. ಎದೆಯಲ್ಲಿ ಗಂಟು ಕಂಡರೂ ನಾಚಿಕೆಯಿಂದ ವರ್ಷಗಟ್ಟಲೆ ಹೇಳದೆ ಇದ್ದ ಅಮ್ಮಿ, ರಕ್ತಸ್ರಾವ ನಿಲ್ಲದಿದ್ದರೂ "ಮಗಳ ಮದುವೆ ಮುಗಿಯಲಿ" ಎಂದ ಖಾಲಾ, ಎಷ್ಟು ಮಂದಿ? ಕ್ಯಾನ್ಸರ್ ಚಿಕಿತ್ಸೆ ಯೋಜನೆಯಲ್ಲಿದೆ. ಆದರೆ ಕೊನೆಯ ಹಂತದಲ್ಲಿ ಬಂದರೆ ಅದೇ 5 ಲಕ್ಷ ರೂಪಾಯಿ ಏನು ಮಾಡಬಲ್ಲದು? ಸಹೋದರರೇ, ನಿಮ್ಮ ಪತ್ನಿಯನ್ನು, ತಾಯಿಯನ್ನು ನೀವೇ ಕೇಳಿ. ಅವರಾಗಿ ಹೇಳಲಿ ಎಂದು ಕಾಯಬೇಡಿ.

ಸರಕಾರದ ಮೇಲಿನ ಹೊಣೆ

ಎಲ್ಲ ತಪ್ಪನ್ನೂ ಬಡವರ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಕಾರ್ಡ್ ಕೊಟ್ಟು ಕೈ ತೊಳೆದುಕೊಂಡರೆ ಏನಾಗುತ್ತದೆಂದು ಗುಲ್ಬರ್ಗಾ–ಮೈಸೂರು ಅಧ್ಯಯನ ತೋರಿಸಿದೆ. ಆರೋಗ್ಯಶ್ರೀಯ ಕಾಲದಂತೆ ಶಿಬಿರಗಳು ನಮ್ಮ ಗಲ್ಲಿಗಳಿಗೆ ಬರಲಿ. ಪಟ್ಟಿಯಲ್ಲಿರುವ ಆಸ್ಪತ್ರೆಗಳ ಹೆಸರನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆಸಲಿ. ಕಾರ್ಡ್ ಇದ್ದರೂ ಮೇಲೆ ಹಣ ಕೇಳುವ ಆಸ್ಪತ್ರೆಗಳ ಮೇಲೆ ಕ್ರಮ ಆಗಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರರೋಗಿ ಚಿಕಿತ್ಸೆ ಮತ್ತು ಔಷಧದ ಖರ್ಚು. ನಮ್ಮ ದೇಶದಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ಭರಿಸುವ ಪಾಲು 2013–14ರಲ್ಲಿ ಶೇ. 64.2 ಇತ್ತು. 2021–22ರ ಹೊತ್ತಿಗೆ ಅದು ಶೇ. 39.4ಕ್ಕೆ ಇಳಿದಿದೆ ಎಂದು ಸರಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸಂತೋಷ. ಆದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ನಮ್ಮ ಜೇಬಿನದೇ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ಪರೀಕ್ಷೆ, ವೈದ್ಯರ ಶುಲ್ಕ ಆಸ್ಪತ್ರೆಗೆ ದಾಖಲಾಗದೆ ಆಗುವ ಖರ್ಚು, ಅದು ಈ ಕಾರ್ಡಿನಲ್ಲಿ ಬರುವುದಿಲ್ಲ. ಆ ಮಾತ್ರೆ ತಪ್ಪಿದವನೇ ನಾಳೆ ಸ್ಟೆಂಟ್‌ಗಾಗಿ ಬರುತ್ತಾನೆ. ದೊಡ್ಡ ಆಸ್ಪತ್ರೆಗೆ ಲಕ್ಷಗಳನ್ನು ಕೊಡುವ ಸರಕಾರ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ತಿಂಗಳು ತಪ್ಪದೆ ಸಿಗುವಂತೆ ಮಾಡಬೇಕು. ಮತ ಕೇಳಲು ಬಂದವರ ಮುಂದೆ ನಾವು ಇಡಬೇಕಾದ ಬೇಡಿಕೆ ಇದು.

ಈ ತಿಂಗಳು ನೀವು ಮಾಡಬೇಕಾದದ್ದು

ಮೊದಲು ಟ್ರಂಕ್ ತೆರೆಯಿರಿ. ಪಡಿತರ ಚೀಟಿ ಮತ್ತು ಎಲ್ಲರ ಆಧಾರ್ ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಹೆಸರಿನ ತೊಡಕು ಬಹಳ. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಮಹಮದ್, ಮತ್ತೊಂದರಲ್ಲಿ ಬರೀ ಎಂ.ಡಿ. ತಾಯಿ ಒಂದು ಕಡೆ ಬೀಬಿ, ಇನ್ನೊಂದು ಕಡೆ ಬೇಗಂ, ಮತ್ತೊಂದು ಕಡೆ ಬಾನು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುತ್ತದೆ, ಮಗುವಿನ ಹೆಸರು ಎಲ್ಲೂ ಇರುವುದಿಲ್ಲ. ಇದನ್ನೆಲ್ಲ ಆರೋಗ್ಯವಾಗಿರುವಾಗ ಸರಿಪಡಿಸಬಹುದು, ಐಸಿಯು ಬಾಗಿಲಲ್ಲಿ ನಿಂತು ಸರಿಪಡಿಸಲಾಗದು.

ಕಾರ್ಡ್ ಇಲ್ಲದಿದ್ದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಿ ಮಾಡಿಸಿ. ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ. ನಿಮ್ಮ ಊರಿನಲ್ಲಿ ಯಾವ ಆಸ್ಪತ್ರೆಗಳು ಪಟ್ಟಿಯಲ್ಲಿವೆ ಎಂದು ಈಗಲೇ ಕೇಳಿ ಬರೆದಿಡಿ. ಆಯುಷ್ಮಾನ್ ಭಾರತ್ ಸಹಾಯವಾಣಿ 14555ಕ್ಕೂ ಕರೆ ಮಾಡಬಹುದು. ಆಸ್ಪತ್ರೆಗೆ ಹೋದಾಗ ಹಣ ಕಟ್ಟುವ ಮೊದಲು "ಆರೋಗ್ಯಮಿತ್ರ ಎಲ್ಲಿದ್ದಾರೆ?" ಎಂದು ಕೇಳಿ. ಮೂವತ್ತು ದಾಟಿದವರೆಲ್ಲ ಹತ್ತಿರದ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಲ್ಲಿ ಬಿಪಿ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ.

ಜಮಾಅತ್ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಜನರು ನೆರೆಯವರನ್ನು ನೋಡಿ ಕಲಿಯುತ್ತಾರೆ ಎಂಬುದನ್ನು ಅಧ್ಯಯನವೇ ಸೂಚಿಸಿದೆ. ಜುಮಾದ ನಂತರ ಮಸೀದಿಯ ಅಂಗಳದಲ್ಲಿ ಒಂದು ಮೇಜು, ದಾಖಲೆ ನೋಡಬಲ್ಲ ಇಬ್ಬರು ಕಾಲೇಜು ಹುಡುಗರು, ಹೆಂಗಸರಿಗಾಗಿ ಮದ್ರಸಾದಲ್ಲಿ ಒಂದು ಮಧ್ಯಾಹ್ನ ಇಷ್ಟಿದ್ದರೆ ಒಂದು ತಿಂಗಳಲ್ಲಿ ಇಡೀ ಮೊಹಲ್ಲಾದ ಕಾರ್ಡ್‌ಗಳು ಸರಿಯಾಗುತ್ತವೆ. ಆಸ್ಪತ್ರೆ ಬಿಲ್ ಹಿಡಿದು ಬಂದವರಿಗೆ ನಾವು ರಮಝಾನಿನಲ್ಲಿ ಝಕಾತ್ ಕೊಡುತ್ತೇವೆ, ಒಳ್ಳೆಯದು. ಆ ಬಿಲ್ಲೇ ಬಾರದಂತೆ ನೋಡಿಕೊಂಡರೆ ಅದೇ ಹಣ ಒಬ್ಬ ಯತೀಮ್ ಮಗುವಿನ ಓದಿಗೆ ಒದಗುತ್ತದೆ.

ನಮ್ಮ ಆಟೋ ಭಾಯಿ ಈಗ ಇನ್ನೊಬ್ಬರ ಆಟೋವನ್ನು ದಿನಬಾಡಿಗೆಗೆ ಓಡಿಸುತ್ತಿದ್ದಾರೆ. ಮಗಳ ನಿಕಾಹ್ ಮುಂದಕ್ಕೆ ಹೋಗಿದೆ. ಭಾಭಿ ಮಾತ್ರ ಆ ಕಾರ್ಡನ್ನು ಟ್ರಂಕಿನಿಂದ ತೆಗೆದು ಬಾಗಿಲ ಪಕ್ಕದ ಮೊಳೆಗೆ, ಬೀಗದ ಕೈ ತೂಗುವ ಜಾಗದಲ್ಲಿ ನೇತುಹಾಕಿದ್ದಾರೆ. ಹಾದುಹೋಗುವ ಹೆಂಗಸರನ್ನು ಕರೆದು ತೋರಿಸುತ್ತಾರೆ. ನಿಮ್ಮ ಮನೆಯ ಕಾರ್ಡ್ ಎಲ್ಲಿದೆ? ಈ ಪತ್ರಿಕೆಯನ್ನು ಕೆಳಗಿಟ್ಟು ಒಮ್ಮೆ ಹುಡುಕಿ ನೋಡಿ.